ಮೊದಲ ನಾಲ್ಕು ಗಜ



ಗಲ್ಫ್ ಬಂಧುಗಳೇ, ಕೊಲ್ಲಿ ಬಿಟ್ಟು ಈ ಅಪ್ಪರ್ ಹಟ್ ಸೇರಿದ ಮೇಲೂ ವರ್ಷಕ್ಕೊಮ್ಮೆ ನಿಮ್ಮೊಂದಿಗೆ ನಾಲ್ಕು ಮಾತಾಡುವ ಜಾಗವನ್ನು ಸಂಘದವರು ನಮಗೆ ಉಳಿಸಿಕೊಟ್ಟಿದ್ದಾರೆ. ಇಲ್ಲಿನ ಚಳಿ, ಮನೆ ಬಾಡಿಗೆ, ಮಕ್ಕಳ ಶಾಲೆ ಎಲ್ಲ ಹಿಂದಿನ ಸಂಚಿಕೆಗಳಲ್ಲಿ ಆಯಿತು. ಈ ಸಲ ಆಟದ ಮಾತು. ಕ್ರಿಕೆಟ್ ಅಲ್ಲ ಎಂದು ಪುಟ ತಿರುಗಿಸಬೇಡಿ. ಶುಕ್ರವಾರದ ಕಬಡ್ಡಿ ಪಂದ್ಯ ನೋಡಿದವರಿಗೆ ಇದು ಅರ್ಥವಾಗುವ ಆಟವೇ.

ವೆಲ್ಲಿಂಗ್ಟನ್‌ನಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಹಟ್ ನದಿಯ ಕಣಿವೆಯ ಮೇಲ್ಭಾಗದಲ್ಲಿ ನಮ್ಮ ಊರಿದೆ. 1966ರಲ್ಲಿ ನಗರ ಎನಿಸಿಕೊಂಡರೂ ಇದು ಇಂದಿಗೂ ಒಬ್ಬರನ್ನೊಬ್ಬರು ಗುರುತು ಹಿಡಿಯುವಷ್ಟೇ ದೊಡ್ಡದು. ಇಲ್ಲಿನ ಮೇಡ್‌ಸ್ಟೋನ್ ಪಾರ್ಕ್‌ನಲ್ಲಿ ಚಳಿಗಾಲದ ಶನಿವಾರ ಬಂತೆಂದರೆ ರಗ್ಬಿ. ಊರಿನ ಇನ್ನೊಂದು ಭಾಗವಾದ ಟ್ರೆಂಥಮ್‌ನಲ್ಲಿ ಹಿಂದೆ ತಾಂತ್ರಿಕ ಶಿಕ್ಷಣ ಸಂಸ್ಥೆಯಿದ್ದ ಆವರಣ ಈಗ ದೊಡ್ಡ ಕ್ರೀಡಾ ಕೇಂದ್ರವಾಗಿದೆ. 2016ರ ಸೂಪರ್ ರಗ್ಬಿ ಚಾಂಪಿಯನ್ನರಾದ ಹರಿಕೇನ್ಸ್ ತಂಡ ಈಗ ಅಭ್ಯಾಸ ಮಾಡುವುದು ಅಲ್ಲಿಯೇ. ಇಂಥ ರಗ್ಬಿ ಊರಿನಲ್ಲಿ ಬೆಳೆಯುವ ಮಕ್ಕಳು ಸೋಮವಾರ ಬೆಳಗ್ಗೆ ಟಿ.ವಿ. ಮುಂದೆ ಕೂತು ಅಮೆರಿಕನ್ ಫುಟ್‌ಬಾಲ್ ನೋಡುತ್ತಾರೆ. ಅಲ್ಲಿನ ಭಾನುವಾರ ಮಧ್ಯಾಹ್ನದ ಪಂದ್ಯ ನಿಮಗೆ ಭಾನುವಾರ ರಾತ್ರಿ, ನಮಗೆ ಸೋಮವಾರದ ಕಾಫಿ ಹೊತ್ತು.

ಆ ಆಟ ರಗ್ಬಿಯ ಮಗುವೇ. ಮೊದಮೊದಲು ಅಲ್ಲಿ ಚೆಂಡು ಸಿಕ್ಕಿದ ತಂಡ ಅದನ್ನು ಬಿಡಲೇಬೇಕೆಂಬ ನಿಯಮ ಇರಲಿಲ್ಲ. 1881ರಲ್ಲಿ ಯೇಲ್ ಮತ್ತು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳ ಪಂದ್ಯದಲ್ಲಿ ಒಂದು ತಂಡ ಒಂದರ್ಧ, ಇನ್ನೊಂದು ತಂಡ ಇನ್ನೊಂದರ್ಧ ಚೆಂಡನ್ನು ತಬ್ಬಿಕೊಂಡೇ ಕಳೆಯಿತು. ಜನ ಬೇಸತ್ತರು. ಮರುವರ್ಷ ವಾಲ್ಟರ್ ಕ್ಯಾಂಪ್ ಎಂಬವರ ಮುತುವರ್ಜಿಯಿಂದ ಹೊಸ ನಿಯಮ ಬಂತು: ಮೂರು ಯತ್ನದಲ್ಲಿ 5 ಗಜ ಮುಂದೆ ಹೋಗಿ, ಇಲ್ಲದಿದ್ದರೆ ಚೆಂಡು ಎದುರಾಳಿಗೆ ಕೊಡಿ. 1912ರಿಂದ ಅದು ನಾಲ್ಕು ಯತ್ನ, 10 ಗಜ. ಪ್ರತಿ ಯತ್ನಕ್ಕೆ ‘ಡೌನ್’ ಎಂದು ಹೆಸರು. 10 ಗಜ ದಾಟಿದರೆ ಮತ್ತೆ ಒಂದರಿಂದ ಎಣಿಕೆ. ಹಾಗಾಗಿ ‘ಫಸ್ಟ್ ಡೌನ್’ ಎಂಬುದಕ್ಕೆ ಎರಡು ಅರ್ಥ: ನಾಲ್ಕರಲ್ಲಿ ಮೊದಲ ಯತ್ನ ಎಂದೂ ಹೌದು, 10 ಗಜ ದಾಟಿ ಗಳಿಸಿದ ಹೊಸ ಅವಕಾಶ ಎಂದೂ ಹೌದು.

ನಾಲ್ಕು ಯತ್ನ ಎಂದರೂ ನಾಲ್ಕನೆಯದರಲ್ಲಿ ಸೋತರೆ ನಿಂತ ಜಾಗದಲ್ಲೇ ಚೆಂಡು ಹೋಗುತ್ತದೆ. ಆದ್ದರಿಂದ ಬಹಳ ಸಲ ಅದನ್ನು ದೂರಕ್ಕೆ ಒದ್ದು ಕೈತೊಳೆದುಕೊಳ್ಳುತ್ತಾರೆ. ನಿಜವಾಗಿ ಕೈಯಲ್ಲಿರುವುದು ಮೂರೇ. ಅದರಲ್ಲಿ ಮೊದಲನೆಯದು ಏನಾಯಿತು ಎಂಬುದರ ಮೇಲೆ ಉಳಿದೆರಡರ ಹಣೆಬರಹ.

ಚೆಂಡು ಹಿಡಿದು ಎದುರಾಳಿಗಳ ನಡುವೆ ನುಗ್ಗುವವನನ್ನು ‘ರನ್ನಿಂಗ್ ಬ್ಯಾಕ್’ ಎನ್ನುತ್ತಾರೆ. ಮೊದಲ ಯತ್ನದಲ್ಲೇ ಅವನು ನಾಲ್ಕೈದು ಗಜ ತಂದನೆನ್ನಿ. ಉಳಿದದ್ದು ಐದಾರು ಗಜ, ಯತ್ನ ಇನ್ನೂ ಎರಡು. ಈಗ ತಂಡ ಓಡಬಹುದು, ಎಸೆಯಬಹುದು, ಏನು ಮಾಡುತ್ತಾರೆಂದು ಎದುರಾಳಿಗೆ ತಿಳಿಯದು. ಓಟ ತಡೆಯಲು ಅವರು ಮುಂದೆ ಸರಿದರೆ ಹಿಂದೆ ಜಾಗ ಖಾಲಿ. ಆಗ ತಂಡದ ಸೂತ್ರಧಾರ ಕ್ವಾರ್ಟರ್‌ಬ್ಯಾಕ್ ಓಟಗಾರನಿಗೆ ಚೆಂಡು ಕೊಟ್ಟಂತೆ ನಟಿಸಿ ಖಾಲಿ ಜಾಗಕ್ಕೆ ಎಸೆಯುತ್ತಾನೆ. ಅದೇ ಮೊದಲ ಯತ್ನ ಸೊನ್ನೆಯಾದರೆ? ಇನ್ನೂ ಪೂರ್ತಿ 10 ಗಜ ಬಾಕಿ. ಎಸೆಯುವುದೇ ದಾರಿ ಎಂದು ಕ್ರೀಡಾಂಗಣಕ್ಕೆಲ್ಲ ಗೊತ್ತು. ಎದುರಾಳಿಗಳು ನೇರವಾಗಿ ಕ್ವಾರ್ಟರ್‌ಬ್ಯಾಕ್ ಮೇಲೆಯೇ ಎರಗುತ್ತಾರೆ.

ಕಬಡ್ಡಿಯಲ್ಲಿ ಇದನ್ನು ನಾವು ನೋಡಿಲ್ಲವೇ? ಪ್ರೊ ಕಬಡ್ಡಿಯಲ್ಲಿ ಎರಡು ರೈಡ್ ಖಾಲಿ ಬಂದರೆ ಮೂರನೆಯದು ‘ಡೂ ಆರ್ ಡೈ’. ಹೋದವನು ಪಾಯಿಂಟ್ ತರಲೇಬೇಕು, ಇಲ್ಲದಿದ್ದರೆ ಔಟ್. ಅವನು ಬಂದೇ ಬರುತ್ತಾನೆಂದು ಗೊತ್ತಿರುವ ಎದುರಾಳಿಗಳು ಬಲೆ ಬೀಸಿ ಕಾಯುತ್ತಿರುತ್ತಾರೆ. ಮೊದಲು ಹೋದವನು ಒಂದೇ ಒಂದು ಪಾಯಿಂಟ್ ತಂದಿದ್ದರೂ ಈ ಇಕ್ಕಟ್ಟು ಇರುತ್ತಿರಲಿಲ್ಲ. 2019ರ ಜನವರಿಯ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್‌ಗೆ ಕಪ್ ತಂದ ಪವನ್ ಸೆಹ್ರಾವತ್ ಅವರ 22 ಪಾಯಿಂಟ್ ನಮಗೆಲ್ಲ ನೆನಪಿದೆ. ಆದರೆ ಋತುವಿಡೀ ತಂಡವನ್ನು ಇಕ್ಕಟ್ಟಿಗೆ ಸಿಲುಕದಂತೆ ಕಾಯುವ ಒಂದೊಂದು ಪಾಯಿಂಟ್ ಯಾರ ನೆನಪಿನಲ್ಲೂ ಉಳಿಯುವುದಿಲ್ಲ.

ನಮ್ಮ ಊರಿನ ಮೈದಾನದಲ್ಲೂ ಇದೇ ಕಥೆ. ರಗ್ಬಿ ಲೀಗ್‌ನಲ್ಲಿ ಆರು ಸಲ ಹಿಡಿದುರುಳಿಸಿದರೆ ಚೆಂಡು ಎದುರಾಳಿಗೆ. ಆದ್ದರಿಂದ ಮೊದಲ ಒಂದೆರಡು ಸರದಿಯಲ್ಲಿ ದಪ್ಪ ಮೈಯ ಮುಂಚೂಣಿಯವರು ಚೆಂಡು ಹಿಡಿದು ನೇರ ಗೋಡೆಗೆ ಗುದ್ದುತ್ತಾರೆ. ಚುರುಕು ಕಾಲಿನವರ ಸರದಿ ಆಮೇಲೆ. ಹರಿಕೇನ್ಸ್ ಆಡುವ ಹದಿನೈದು ಜನರ ರಗ್ಬಿಯಲ್ಲಿ ಯತ್ನಗಳ ಎಣಿಕೆ ಇಲ್ಲ. ಆದರೂ ಮಾಅ ನೊನು, ಆರ್ಡಿ ಸವೇಯರಂಥವರು ಮೊದಲ ನುಗ್ಗಿನಲ್ಲೇ ಗೆರೆ ದಾಟಿದಾಗ ಎದುರಾಳಿಗಳು ಹಿಂದೆ ಓಡಿ ಸಾಲು ಕಟ್ಟಬೇಕಾಗುತ್ತದೆ. ಅಷ್ಟರಲ್ಲಿ ಚೆಂಡು ಅಂಚಿನ ಓಟಗಾರನ ಕೈ ಸೇರಿರುತ್ತದೆ. ಪತ್ರಿಕೆಯಲ್ಲಿ ಫೋಟೋ ಬರುವುದು ಅವನದು.

ಈಗಿನ ಲೆಕ್ಕಾಚಾರದ ಕಾಲದಲ್ಲಿ ಅಮೆರಿಕದ ತಂಡಗಳು ಮೊದಲ ಯತ್ನದಲ್ಲೇ ಎಸೆಯುವುದೂ ಉಂಟು. ಸರಾಸರಿ ನೋಡಿದರೆ ಎಸೆತವೇ ಹೆಚ್ಚು ಗಜ ತರುತ್ತದೆ. ಆದರೆ ಕೈಗೆ ಸಿಗದ ಎಸೆತಕ್ಕೆ ಸೊನ್ನೆ, ಎದುರಾಳಿ ಕೈಗೆ ಸಿಕ್ಕಿದರೆ ಮೂಲಧನವೇ ನಷ್ಟ. ಒಳ್ಳೆಯ ಓಟಗಾರನ ನಾಲ್ಕು ಗಜ ಲಾಟರಿಯಲ್ಲ, ತಿಂಗಳ ಸಂಬಳ.

ಇಲ್ಲಿಗೆ ಬಂದಾಗ ನಮಗೆ ನಿಮ್ಮ ನೆನಪಾಗುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಮೊದಲು ವಿಮಾನ ಹತ್ತಿದವನೊಬ್ಬ ಇದ್ದಾನೆ. ದೊಡ್ಡಣ್ಣನೋ ಸೋದರಮಾವನೋ ಅಕ್ಕನೋ. ಅವರು ತಿಂಗಳು ತಿಂಗಳು ಕಳಿಸಿದ್ದು ದೊಡ್ಡ ಮೊತ್ತವೇನಲ್ಲ. ಆದರೆ ಅದರಿಂದ ತಂಗಿಗೆ ಕಾಲೇಜಿನ ಆಯ್ಕೆ ಸಿಕ್ಕಿತು, ತಮ್ಮನಿಗೆ ಸಿಕ್ಕಿದ ಕೆಲಸಕ್ಕೆಲ್ಲ ತಲೆಯಾಡಿಸುವ ಗತಿ ಬರಲಿಲ್ಲ, ಅಪ್ಪ ಅಡವಿಟ್ಟ ಜಮೀನು ಬಿಡಿಸಿಕೊಂಡರು. ಮನೆ ‘ಡೂ ಆರ್ ಡೈ’ ಸ್ಥಿತಿಗೆ ಬೀಳಲಿಲ್ಲ. ತಮ್ಮ ಇಂಜಿನಿಯರ್ ಆದಾಗ ಊರು ಮೆಚ್ಚಿದ್ದು ತಮ್ಮನನ್ನು. ಮೊದಲ ನಾಲ್ಕು ಗಜ ಯಾರದೆಂದು ಕೇಳಿದವರು ಕಡಿಮೆ.

ಆದರೆ ಈ ಆಟದಲ್ಲಿ ಇನ್ನೊಂದು ಪಾಠವೂ ಇದೆ. ಡೆರಿಕ್ ಹೆನ್ರಿ ಎಂಬ ಓಟಗಾರ 2020ರಲ್ಲಿ ಟೆನ್ನೆಸಿ ಟೈಟನ್ಸ್ ಪರವಾಗಿ 378 ಸಲ ಚೆಂಡು ಹೊತ್ತು 2,027 ಗಜ ಓಡಿದರು. ಅಂದರೆ 378 ಸಲ ನುಗ್ಗಿ, ಹೆಚ್ಚು ಕಡಿಮೆ ಅಷ್ಟೂ ಸಲ ಮೈಮೇಲೆ ಪೆಟ್ಟು. ಮರು ಋತುವಿನಲ್ಲಿ ಭಾರ ಇನ್ನೂ ಹೆಚ್ಚಿತು: ಎಂಟು ಪಂದ್ಯಕ್ಕೇ 219 ಸಲ. ಎಂಟನೆಯ ಪಂದ್ಯದಲ್ಲಿ ಪಾದದ ಮೂಳೆ ಮುರಿಯಿತು. ಅವರಿಲ್ಲದೆಯೂ ತಂಡ ಆ ಋತುವಿನಲ್ಲಿ 12 ಪಂದ್ಯ ಗೆದ್ದು ತನ್ನ ಗುಂಪಿನಲ್ಲಿ ಮೊದಲ ಸ್ಥಾನ ಪಡೆಯಿತು. ತಂಡ ಹೇಗೋ ನಡೆದುಹೋಗುತ್ತದೆ. ಮುರಿದ ಕಾಲು ಮಾತ್ರ ಹೊತ್ತವನದೇ.

ಅದೇ ಹೆನ್ರಿ 2024ರಲ್ಲಿ, 30 ದಾಟಿದ ಮೇಲೆ, ಬಾಲ್ಟಿಮೋರ್ ರೇವನ್ಸ್ ಸೇರಿ 1,921 ಗಜ ಓಡಿದರು. ಅಲ್ಲಿ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್ ತಾವೂ ಚೆಂಡು ಹಿಡಿದು ಓಡುವವರು. ಎದುರಾಳಿಗೆ ಇಬ್ಬರ ಮೇಲೂ ಕಣ್ಣಿಡಬೇಕು. ನೊಗಕ್ಕೆ ಇನ್ನೊಂದು ಹೆಗಲು ಸಿಕ್ಕರೆ ವಯಸ್ಸಾದ ಎತ್ತೂ ನೇರ ಸಾಲು ಉಳುತ್ತದೆ.

ಆದ್ದರಿಂದ ಬಂಧುಗಳೇ, ಮನೆಗಾಗಿ ಮೊದಲು ಓಡಿದವರಲ್ಲಿ ನಮ್ಮದೊಂದು ಕೋರಿಕೆ. ತಮ್ಮ ಕೆಲಸಕ್ಕೆ ಸೇರಿದ ದಿನವೇ ಮನೆಯ ಲೆಕ್ಕ ಅವನ ಮುಂದಿಡಿ, ಅರ್ಧ ಭಾರ ಅವನಿಗೆ ದಾಟಿಸಿ. ಯುಎಇಯಲ್ಲಿ ಇರುವವರು ಗ್ರಾಚ್ಯುಟಿಯ ಲೆಕ್ಕ ತಿಳಿದಿರಲಿ: ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಮೂಲ ವೇತನ. ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. ಆ ಹಣ ಊರಿನ ಮನೆಯ ಎರಡನೇ ಮಹಡಿಗಲ್ಲ, ನಿಮ್ಮ ಮೊಣಕಾಲಿಗೆ, ಬೆನ್ನಿಗೆ, ಮುಂದಿನ ಹತ್ತು ವರ್ಷಕ್ಕೆ. ಊರಿಂದ ಹೊಸಬರನ್ನು ಕರೆಸುವವರು ಇನ್ನೊಂದು ನೆನಪಿಡಿ: ಭಾರತದ ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕಕ್ಕೆ ತೆರಿಗೆ ಬಿಟ್ಟು 30,000 ರೂಪಾಯಿಯ ಮಿತಿ ಇದೆ. ಲಕ್ಷಗಟ್ಟಲೆ ಸಾಲ ಮಾಡಿ ಬಂದವನು ಗೆರೆಯಿಂದಲ್ಲ, ಗೆರೆಗಿಂತ ಹತ್ತು ಗಜ ಹಿಂದಿನಿಂದ ಓಟ ಶುರು ಮಾಡಿದಂತೆ.

ಮನೆಯವರಲ್ಲೂ ಒಂದು ಕೋರಿಕೆ. ಈ ಸಂಚಿಕೆ ಊರಿಗೆ ತಲುಪಿದರೆ ಅವರಿಗೂ ಓದಿಸಿ. ಪಾರಿತೋಷಕ ಹಿಡಿದವನಿಗೆ ಚಪ್ಪಾಳೆ ಹೊಡೆಯೋಣ, ಸಂತೋಷ. ಮೊದಲ ನಾಲ್ಕು ಗಜ ತಂದವರು ರಜೆಗೆ ಬಂದಾಗ ‘ಏನು ತಂದೆ’ ಎಂದು ಕೇಳುವ ಮೊದಲು ‘ಆರೋಗ್ಯ ಹೇಗಿದೆ’ ಎಂದು ಕೇಳೋಣ.

ರಾಜ್ಯೋತ್ಸವದ ಶುಭಾಶಯಗಳು. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.