ಸ್ತುತಿ ಮತ್ತು ಮೊರೆ: ಕ್ರೈಸ್ತ ಪ್ರಾರ್ಥನೆಯಲ್ಲಿ ಹೊಗಳಿಕೆಯ ನೆಲೆ

ಕ್ರೈಸ್ತ ಪ್ರಾರ್ಥನೆಯನ್ನು ಸ್ತುತಿ, ಪಾಪನಿವೇದನೆ, ಕೃತಜ್ಞತೆ ಮತ್ತು ಬಿನ್ನಹ ಎಂದು ನಾಲ್ಕು ಅಂಗಗಳಾಗಿ ವಿಂಗಡಿಸಿ ವಿವರಿಸುವ ಕ್ರಮ ರೂಢಿಯಲ್ಲಿದೆ. ಇವುಗಳಲ್ಲಿ ಮೊದಲ ಸ್ಥಾನ ಸ್ತುತಿಗೆ. ಉಳಿದ ಮೂರರ ಅಗತ್ಯವನ್ನು ಒಪ್ಪುವುದು ಸುಲಭ. ತಪ್ಪಿದವನು ಕ್ಷಮೆ ಬೇಡುತ್ತಾನೆ, ಪಡೆದವನು ಉಪಕಾರ ಸ್ಮರಿಸುತ್ತಾನೆ, ಇಲ್ಲದವನು ಕೇಳುತ್ತಾನೆ. ಆದರೆ ಯಾವ ಕೊರತೆಯೂ ಇಲ್ಲದ ದೇವರಿಗೆ ಮನುಷ್ಯನ ಹೊಗಳಿಕೆಯಿಂದ ಆಗಬೇಕಾದುದೇನು? ಈ ಪ್ರಶ್ನೆಯನ್ನು ಹೊರಗಿನ ವಿಮರ್ಶಕರಷ್ಟೇ ಅಲ್ಲ, ಭಕ್ತರೂ ಎತ್ತಿದ್ದಾರೆ. ಇಂಗ್ಲಿಷ್ ಲೇಖಕ ಸಿ.ಎಸ್. ಲೂಯಿಸ್ 1958ರಲ್ಲಿ ಪ್ರಕಟವಾದ ‘ರಿಫ್ಲೆಕ್ಷನ್ಸ್ ಆನ್ ದ ಸಾಮ್ಸ್’ ಕೃತಿಯಲ್ಲಿ, ತನ್ನನ್ನು ಹೊಗಳಬೇಕೆಂದು ಕೇಳುವ ದೇವರ ಕಲ್ಪನೆ ತನಗೆ ಒಮ್ಮೆ ತೊಡಕಾಗಿತ್ತೆಂದು ಒಪ್ಪಿಕೊಂಡಿದ್ದಾನೆ. ಮೆಚ್ಚಿದ್ದನ್ನು ಹೊಗಳಿದಾಗಲೇ ಮೆಚ್ಚುಗೆಯ ಆನಂದ ಪೂರ್ಣವಾಗುತ್ತದೆ ಎಂಬುದು ಅವನು ಕಂಡುಕೊಂಡ ಉತ್ತರ.

ಈ ಉತ್ತರ ಸೊಗಸಾಗಿದೆ, ಆದರೆ ಸಾಕಾಗುವುದಿಲ್ಲ. ಆನಂದವಿರುವವನ ಸ್ತುತಿಯನ್ನು ಅದು ವಿವರಿಸುತ್ತದೆ. ಆನಂದವೇ ಇಲ್ಲದವನು ಸ್ತುತಿಸುವುದು ಹೇಗೆ, ಸ್ತುತಿಸಬೇಕೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಬೈಬಲಿನ ಪ್ರಾರ್ಥನಾ ಪಠ್ಯಗಳನ್ನು ಗಮನಿಸಿದರೆ ಸ್ತುತಿಯ ನಿಜವಾದ ಸಮಸ್ಯೆ ಇರುವುದು ಇಲ್ಲಿಯೇ ಎಂಬುದು ಮನವರಿಕೆಯಾಗುತ್ತದೆ.

ಯೆಹೂದ್ಯರಿಗೂ ಕ್ರೈಸ್ತರಿಗೂ ಪ್ರಾರ್ಥನೆಯ ಮೂಲ ಆಕರವಾದ 150 ಗೀತೆಗಳ ಸಂಕಲನಕ್ಕೆ ಹೀಬ್ರೂ ಭಾಷೆಯಲ್ಲಿ ‘ತೆಹಿಲ್ಲೀಮ್’ ಎಂದು ಹೆಸರು. ಸ್ತುತಿಗಳು ಎಂಬುದು ಅದರ ಅರ್ಥ. ಗ್ರೀಕಿನ ‘ಪ್ಸಾಲ್ಮೊಸ್’ ತಂತಿವಾದ್ಯದೊಡನೆ ಹಾಡುವ ಹಾಡನ್ನು ಸೂಚಿಸುತ್ತದೆ. ಕನ್ನಡ ಬೈಬಲು ಈ ಭಾಗವನ್ನು ‘ಕೀರ್ತನೆಗಳು’ ಎಂದು ಕರೆದಿರುವುದು ಗಮನಾರ್ಹ. ಸಾರಿ ಹೇಳುವುದು, ಹೊಗಳುವುದು ಎಂಬ ಎರಡೂ ಅರ್ಥಗಳನ್ನು ಹೊತ್ತ ಈ ಪದ ಗ್ರೀಕ್ ಹೆಸರಿಗಿಂತ ಹೀಬ್ರೂ ಹೆಸರಿಗೆ ಹತ್ತಿರವಾಗಿದೆ. ಜರ್ಮನ್ ವಿದ್ವಾಂಸ ಕ್ಲಾಸ್ ವೆಸ್ಟರ್‌ಮನ್ ಕೀರ್ತನೆಗಳ ಸ್ತುತಿಯಲ್ಲಿ, ದೇವರು ಮಾಡಿದ್ದನ್ನು ಸಾರುವ ಬಗೆ ಮತ್ತು ದೇವರ ಸ್ವರೂಪವನ್ನು ಬಣ್ಣಿಸುವ ಬಗೆ ಎಂದು ಎರಡನ್ನು ಗುರುತಿಸಿದ್ದಾನೆ. ‘ಕೀರ್ತನೆ’ ಎಂಬ ಒಂದೇ ಪದ ಇವೆರಡಕ್ಕೂ ಎಡೆಕೊಡುತ್ತದೆ.

ಆದರೆ ಹೆಸರಿಗೂ ಒಳಗಿನ ವಸ್ತುವಿಗೂ ಒಂದು ವೈದೃಶ್ಯವಿದೆ. ‘ಸ್ತುತಿಗಳು’ ಎಂಬ ಹೆಸರಿನ ಈ ಸಂಕಲನದಲ್ಲಿ ಅತಿ ದೊಡ್ಡ ಗುಂಪು ಮೊರೆಯ ಗೀತೆಗಳದು. ಹದಿಮೂರನೆಯ ಕೀರ್ತನೆ ಇನ್ನೆಷ್ಟು ಕಾಲ ಹೀಗೆ ಎಂದು ನಾಲ್ಕು ಬಾರಿ ದೇವರನ್ನು ಕೇಳಿ, ಕೊನೆಯಲ್ಲಿ ಹಾಡುವ ಸಂಕಲ್ಪಕ್ಕೆ ಬರುತ್ತದೆ. ಇಪ್ಪತ್ತೆರಡನೆಯದು ಕೈಬಿಟ್ಟ ದೇವರನ್ನು ಪ್ರಶ್ನಿಸುತ್ತ ಆರಂಭವಾಗಿ ಸಭೆಯ ನಡುವಿನ ಸ್ತುತಿಯತ್ತ ತಿರುಗುತ್ತದೆ. ಮಾರ್ಕನ ಸುವಾರ್ತೆಯ ಪ್ರಕಾರ ಶಿಲುಬೆಯ ಮೇಲೆ ಯೇಸು ಉಚ್ಚರಿಸಿದ್ದು ಇದೇ ಕೀರ್ತನೆಯ ಮೊದಲ ಪ್ರಶ್ನೆಯನ್ನು. ಎಂಬತ್ತೆಂಟನೆಯದಂತೂ ಸ್ತುತಿಗೆ ತಿರುಗುವುದೇ ಇಲ್ಲ. ಅದು ಕತ್ತಲೆಯಲ್ಲಿ ಮುಗಿಯುತ್ತದೆ. ಅದರ ಮರುಗೀತೆ ದಾವೀದನಿಗೆ ಕೊಟ್ಟ ಮಾತನ್ನು ದೇವರು ಮುರಿದನೆಂದು ನೇರವಾಗಿ ಆಪಾದಿಸುತ್ತದೆ. ಆ ಆಪಾದನೆಗೆ ಉತ್ತರ ಬರುವ ಮೊದಲೇ, ಕೀರ್ತನೆಗಳ ಮೂರನೆಯ ಭಾಗವನ್ನು ಮುಗಿಸುವ ಪುಟ್ಟ ಸ್ತುತಿವಾಕ್ಯವೊಂದು ಬರುತ್ತದೆ.

ಈ ಜೋಡಣೆಯಲ್ಲಿ ಸಂಕಲನಕಾರರ ದೃಷ್ಟಿ ವ್ಯಕ್ತವಾಗಿದೆ. ಅವರು ಸ್ತುತಿಯನ್ನು ಸೇರಿಸಿದರು, ಆದರೆ ಆಪಾದನೆಯನ್ನು ಅಳಿಸಲಿಲ್ಲ. ಸ್ತುತಿ ಇಲ್ಲಿ ಮೊರೆಗೆ ಪರಿಹಾರವಲ್ಲ, ಬದಲಿಯೂ ಅಲ್ಲ. ಮೊರೆ ಯಾರ ಮುಂದೆ ಸಲ್ಲುತ್ತಿದೆ ಎಂಬುದನ್ನು ಅದು ನೆನಪಿಸುತ್ತದೆ. ಕೇಳುವವನಿದ್ದಾನೆ ಎಂಬ ನಂಬಿಕೆ ಇರುವಲ್ಲಿ ಮಾತ್ರ ದೂರಿಗೆ ಅರ್ಥವಿರುತ್ತದೆ. ಹಾಗೆಯೇ ದೂರುವ ಹಕ್ಕು ಇರುವಲ್ಲಿ ಮಾತ್ರ ಹೊಗಳಿಕೆಗೆ ಬೆಲೆ ಬರುತ್ತದೆ. ಎದುರಾಡಲಾಗದ ಒಡೆಯನನ್ನು ಹೊಗಳುವುದು ಮುಖಸ್ತುತಿಯೇ ಹೊರತು ಸ್ತುತಿಯಲ್ಲ.

ಸ್ತುತಿ ಮತ್ತು ಮುಖಸ್ತುತಿಯ ನಡುವಿನ ಈ ಅಂತರ ಕನ್ನಡ ಸಾಹಿತ್ಯದ ಓದುಗರಿಗೆ ಹೊಸದಲ್ಲ. ಹೊಯ್ಸಳರ ಓಲಗವನ್ನು ತೊರೆದು ಹಂಪೆಗೆ ಬಂದನೆಂದು ಪರಂಪರೆ ಹೇಳುವ ಹರಿಹರ ನರಸ್ತುತಿಯನ್ನು ಒಲ್ಲದೆ ಶಿವನನ್ನೂ ಶರಣರನ್ನೂ ಹಾಡಿದವನು. ಯಾರನ್ನು ಹೊಗಳಬೇಕು ಎಂಬ ತೀರ್ಮಾನದಲ್ಲಿ ಯಾರನ್ನು ಹೊಗಳಬಾರದು ಎಂಬ ನಿರಾಕರಣೆಯೂ ಅಡಗಿದೆ. ಆದಿ ಕ್ರೈಸ್ತರ ಸ್ತುತಿಗೂ ಈ ಮುಖವಿತ್ತು. ಕ್ರಿ.ಶ. 112ರ ಸುಮಾರಿಗೆ ಬಿಥಿನಿಯದ ರಾಜ್ಯಪಾಲ ಪ್ಲಿನಿ ರೋಮನ್ ಚಕ್ರವರ್ತಿ ಟ್ರಾಜನ್‌ನಿಗೆ ಬರೆದ ಪತ್ರದಲ್ಲಿ, ಕ್ರೈಸ್ತರು ನಸುಕಿನಲ್ಲಿ ಕೂಡಿ ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆಂದು ವರದಿ ಮಾಡಿದ್ದಾನೆ. ಆಪಾದಿತರು ಚಕ್ರವರ್ತಿಯ ಪ್ರತಿಮೆಯ ಮುಂದೆ ಧೂಪ ಹಾಕುತ್ತಾರೆಯೇ ಎಂಬುದು ಅವನು ಒಡ್ಡಿದ ಪರೀಕ್ಷೆಗಳಲ್ಲಿ ಒಂದಾಗಿತ್ತು. ಅಂದರೆ ಆ ಹಾಡು ಕೇವಲ ಭಾವೋದ್ಗಾರವಾಗಿರಲಿಲ್ಲ, ಪ್ರಭುತ್ವದ ಹೊಗಳಿಕೆಗೆ ಕೊಟ್ಟ ಉತ್ತರವೂ ಆಗಿತ್ತು. ನ್ಯಾಯವಿಲ್ಲದ ಕಡೆ ಹಾಡಿನ ಗದ್ದಲ ತನಗೆ ಬೇಡವೆಂದು ದೇವರು ಹೇಳುವುದಾಗಿ ಆಮೋಸನ ಪ್ರವಾದನೆ ಅದಕ್ಕೂ ಬಹಳ ಮೊದಲೇ ಎಚ್ಚರಿಸಿತ್ತು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಸಮತೋಲ ಹಲವೆಡೆ ತಪ್ಪಿತು. ಅಮೆರಿಕದ ಸೇನೆಯಲ್ಲಿ ಪಾದ್ರಿಯಾಗಿದ್ದ ಮರ್ಲಿನ್ ಕ್ಯಾರೊಥರ್ಸ್ 1970ರಲ್ಲಿ ಪ್ರಕಟಿಸಿದ ‘ಪ್ರಿಸನ್ ಟು ಪ್ರೈಸ್’ ಎಂಬ ಪುಸ್ತಕ, ಸಂಕಟ ಬಂದಾಗ ಆ ಸಂಕಟಕ್ಕಾಗಿಯೇ ದೇವರನ್ನು ಸ್ತುತಿಸಬೇಕೆಂದು ಬೋಧಿಸಿತು. ಸ್ತುತಿಸಿದರೆ ಪರಿಸ್ಥಿತಿ ಬದಲಾಗುತ್ತದೆ ಎಂಬ ಭರವಸೆಯೂ ಇಂತಹ ಬೋಧನೆಗಳ ಜೊತೆಗೆ ಬಂದಿತು. ಆಗ ಸ್ತುತಿ ಫಲ ಪಡೆಯುವ ತಂತ್ರವಾಗುತ್ತದೆ. ಫಲ ಸಿಗದಿದ್ದರೆ ತಪ್ಪು ಸ್ತುತಿಸಿದವನದೇ ಆಗುತ್ತದೆ. ಮಗುವನ್ನು ಕಳೆದುಕೊಂಡ ತಾಯಿಗೆ ಅಳುವ ಅವಕಾಶವೂ ಉಳಿಯುವುದಿಲ್ಲ. ಅಳು ಅವಿಶ್ವಾಸದ ಲಕ್ಷಣವಾಗಿಬಿಡುತ್ತದೆ. ಹಳೆಯ ಒಡಂಬಡಿಕೆಯ ವಿದ್ವಾಂಸ ವಾಲ್ಟರ್ ಬ್ರೂಗಮನ್ 1986ರ ಲೇಖನವೊಂದರಲ್ಲಿ, ಪ್ರಾರ್ಥನೆಯಿಂದ ಅಳಲು ಕಾಣೆಯಾದರೆ ನ್ಯಾಯದ ಪ್ರಶ್ನೆಯೂ ಕಾಣೆಯಾಗುತ್ತದೆ ಎಂದು ವಾದಿಸಿದ್ದು ಈ ಹಿನ್ನೆಲೆಯಲ್ಲಿ ಮುಖ್ಯವಾಗುತ್ತದೆ.

ಸೆರೆಮನೆಯಲ್ಲಿ ನಡುರಾತ್ರಿ ಹಾಡಿದ ಪೌಲ ಮತ್ತು ಸೀಲರನ್ನು ಇಂತಹ ಬೋಧನೆಗೆ ಆಧಾರವಾಗಿ ತೋರಿಸಲಾಗುತ್ತದೆ. ಆದರೆ ಆ ಕಥೆಯನ್ನು ಕೊನೆಯವರೆಗೆ ಓದಬೇಕು. ಅಪೊಸ್ತಲರ ಕೃತ್ಯಗಳ ಹದಿನಾರನೆಯ ಅಧ್ಯಾಯದಲ್ಲಿ ಅವರು ಸೆರೆಯಲ್ಲಿ ಹಾಡಿದರು, ಸೆರೆಗಾಗಿ ಹಾಡಲಿಲ್ಲ. ಬೆಳಗಾದ ಮೇಲೆ ಅಧಿಕಾರಿಗಳು ಗುಟ್ಟಾಗಿ ಬಿಟ್ಟುಬಿಡಲು ಹೇಳಿಕಳಿಸಿದಾಗ ಪೌಲ ಒಪ್ಪಲಿಲ್ಲ. ವಿಚಾರಣೆಯಿಲ್ಲದೆ ಬಹಿರಂಗವಾಗಿ ಹೊಡೆಸಿದವರೇ ಬಂದು ತಮ್ಮನ್ನು ಹೊರಗೆ ಕರೆದೊಯ್ಯಲಿ ಎಂದು ಪಟ್ಟುಹಿಡಿದ. ರಾತ್ರಿಯ ಸ್ತುತಿ ಬೆಳಗಿನ ದೂರನ್ನು ನುಂಗಿಹಾಕಲಿಲ್ಲ.

ದಾಸಸಾಹಿತ್ಯದ ನಿಂದಾಸ್ತುತಿಯನ್ನು ಇಲ್ಲಿ ನೆನೆಯಬಹುದು. ದೇವರನ್ನು ಬಯ್ಯುವ ಸಲುಗೆ ಅಲ್ಲಿಯೂ ಇದೆ. ಆದರೆ ಅಲ್ಲಿ ನಿಂದೆಯ ಮರೆಯಲ್ಲಿ ಸ್ತುತಿ ಮೊದಲೇ ಸಿದ್ಧವಾಗಿರುತ್ತದೆ. ಬೈಬಲಿನ ಮೊರೆ ಅಂತಹ ಉಕ್ತಿಚಮತ್ಕಾರವಲ್ಲ. ಉತ್ತರ ಬರುತ್ತದೆಯೋ ಇಲ್ಲವೋ ಎಂಬ ಅನಿಶ್ಚಯ ಅದರಲ್ಲಿ ನಿಜವಾಗಿಯೂ ಇದೆ. ಈ ವ್ಯತ್ಯಾಸದ ನಡುವೆಯೂ ಎರಡೂ ಪರಂಪರೆಗಳು ಒಂದು ತಿಳಿವಳಿಕೆಯನ್ನು ಹಂಚಿಕೊಂಡಿವೆ: ಭಕ್ತಿಯೆಂದರೆ ಬಾಯಿ ಮುಚ್ಚಿಕೊಳ್ಳುವುದಲ್ಲ.

ಕರ್ನಾಟಕದ ಕ್ರೈಸ್ತ ಪ್ರಾರ್ಥನಾ ಕೂಟಗಳಲ್ಲಿ ‘ಸ್ತೋತ್ರ’ ಎಂಬುದು ಮತ್ತೆ ಮತ್ತೆ ಕೇಳಿಬರುವ ಉದ್ಗಾರ. ಅದು ಎಷ್ಟು ಗಟ್ಟಿಯಾಗಿ ಕೇಳಿಸುತ್ತದೆ ಎಂಬುದರಿಂದ ಅದರ ಸತ್ಯವನ್ನು ಅಳೆಯಲಾಗದು. ಅದೇ ಕೂಟದಲ್ಲಿ ಎಂಬತ್ತೆಂಟನೆಯ ಕೀರ್ತನೆಯನ್ನೂ ಗಟ್ಟಿಯಾಗಿ ಓದಲು ಎಡೆಯಿದೆಯೇ ಎಂಬುದೇ ಸರಿಯಾದ ಅಳತೆಗೋಲು. ಎಡೆಯಿದ್ದಲ್ಲಿ ಸ್ತೋತ್ರವೂ ನಿಜವಾಗಿರುತ್ತದೆ.