ಪಂಡಿತ ಎಂಬ ಹುದ್ದೆ



ಇಂಗ್ಲಿಷಿನಲ್ಲಿ 'ಪಂಡಿಟ್' ಅನ್ನೋ ಮಾತಿದೆ. ಟಿ.ವಿ.ಯಲ್ಲಿ ಚುನಾವಣೆ ಲೆಕ್ಕ ಹೇಳುವವರು, ಕ್ರಿಕೆಟ್ ಭವಿಷ್ಯ ಹೇಳುವವರು ಎಲ್ಲ ಈಗ ಪಂಡಿಟ್‌ಗಳೇ. ಈ ಮಾತು ಇಂಗ್ಲೆಂಡಿನಲ್ಲಿ ಹುಟ್ಟಿದ್ದಲ್ಲ. ನಮ್ಮ ದೇಶದ ಪಂಡಿತನೇ ಹಡಗು ಹತ್ತಿ ಹೋದದ್ದು. ಅವನು ಇಂಗ್ಲಿಷರ ಹತ್ತಿರ ಯಾವ ಚಾಕರಿಗಿದ್ದ ಅನ್ನೋದನ್ನ ಹಾಸ್ಟೆಲಿನ ನಾವು ತಿಳಿದಿರಬೇಕು.

1772ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳದಲ್ಲಿ ಒಂದು ಏರ್ಪಾಟು ಮಾಡಿದ. ಹಿಂದೂಗಳ ಮದುವೆ, ಆಸ್ತಿ, ಜಾತಿಯ ವ್ಯಾಜ್ಯಗಳು ಅವರ ಶಾಸ್ತ್ರದಂತೆಯೇ ತೀರ್ಮಾನವಾಗಬೇಕು. ಶಾಸ್ತ್ರ ಇರುವುದು ಸಂಸ್ಕೃತದಲ್ಲಿ, ಜಡ್ಜಿಗೆ ಸಂಸ್ಕೃತ ಬಾರದು. ಸರಿ, ಕಂಪನಿ ಕೋರ್ಟಿನಲ್ಲಿ ಬ್ರಾಹ್ಮಣ ಪಂಡಿತರು ಸಂಬಳಕ್ಕೆ ಬಂದು ಕೂತರು. 11 ಜನ ಪಂಡಿತರು ಸೇರಿ ಆರಿಸಿಕೊಟ್ಟ ಶಾಸ್ತ್ರಗಳನ್ನು ಹಾಲ್ಹೆಡ್ ಎಂಬಾತ ಪರ್ಷಿಯನ್ ಮೂಲಕ ಇಂಗ್ಲಿಷಿಗೆ ತಂದ, 1776ರಲ್ಲಿ ಅಚ್ಚಾಯಿತು. 1794ರಲ್ಲಿ ವಿಲಿಯಂ ಜೋನ್ಸ್ ಮನುಸ್ಮೃತಿಯನ್ನೇ ಇಂಗ್ಲಿಷಿಗೆ ಇಳಿಸಿದ. ಚಂಡಾಲನ ಮನೆ ಊರ ಹೊರಗಿರಲಿ ಅನ್ನುವ ಪುಸ್ತಕ ಜಡ್ಜಿನ ಮೇಜಿನ ಮೇಲೆ ಬಂತು! ಕೇರಿಯವರನ್ನು ಕರೆದು 'ನಿಮ್ಮ ನ್ಯಾಯ ಏನ್ರಪ್ಪಾ' ಅಂತ ಕೇಳುವ ಹುದ್ದೆ ಮಾತ್ರ ಆ ಏರ್ಪಾಟಿನಲ್ಲಿ ಇರಲಿಲ್ಲ.

1864ರಲ್ಲಿ ಪಂಡಿತನ ಹುದ್ದೆ ಹೋಯಿತು, ಹೆಸರು ಉಳಿಯಿತು.

ನಮ್ಮ ಯಾದಗಿರಿ, ಶಹಾಪುರ, ಸುರಪುರ 1948ರ ತನಕ ನಿಜಾಮರ ಆಳ್ವಿಕೆಯಲ್ಲಿದ್ದವು. ಕಂಪನಿ ಕೋರ್ಟಿನ ಪಂಡಿತರು ಇಲ್ಲಿ ಇರಲಿಲ್ಲ. ಊರ ಚಾವಡಿಗೆ ಅಂಥವರ ಕೊರತೆಯೇನೂ ಆಗಲಿಲ್ಲ, ಬಿಡಿ.

ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿ ಸುಟ್ಟರು. 1948ರ 'ದಿ ಅನ್‌ಟಚಬಲ್ಸ್' ಪುಸ್ತಕದ ಮುನ್ನುಡಿಯಲ್ಲಿ ಓದಿದವನೇ ಬೇರೆ, ಬುದ್ಧಿಜೀವಿಯೇ ಬೇರೆ ಎಂದು ಗೆರೆ ಎಳೆದರು. ಓದಿದವನಿಗೆ ತನ್ನವರ ಹಿತವೇ ಕಣ್ಣಮುಂದೆ. ಬುದ್ಧಿಜೀವಿ ಆ ಹಂಗು ಹರಿದುಕೊಂಡವನು. ಗೆರೆ ಎಳೆದದ್ದು ಬ್ರಾಹ್ಮಣ ಪಂಡಿತರನ್ನು ಕಂಡು, ನಿಜ. ಆದರೆ ಬಿ.ಎ. ಮುಗಿಸಿ, ನೌಕರಿ ಹಿಡಿದು, ಹೆತ್ತವ್ವ ಇರುವ ಕೇರಿಗೆ ಹೋಗಲು ನಾಚುವ ನಮ್ಮ ಅಣ್ಣಂದಿರು ಆ ಗೆರೆಯ ಯಾವ ಕಡೆ? ನಾಳೆ ಡಿಗ್ರಿ ಕೈಗೆ ಬಂದಾಗ ನಾವು ಯಾವ ಕಡೆ? ಯಾರ ಸಂಬಳಕ್ಕೆ ಯಾವ ಶಾಸ್ತ್ರ ಓದಿ ಹೇಳುತ್ತೇವೆ?

ನಮ್ಮ ಮಂದಿ ಬಾಯಲ್ಲಿ ಪಂಡಿತ ಅನ್ನೋದು ಕಡಿಮೆ. 'ಶಾಣ್ಯಾ' ಅಂತಾರ, 'ತಿಳದಾಕಿ' ಅಂತಾರ. ಹೆರಿಗೆ ಮಾಡಿಸುವ ಮುದುಕಿ ತಿಳದಾಕಿ. ಚರ್ಮ ಹದ ಮಾಡುವ ಮುದುಕ ತಿಳದಾಂವ. ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯ ವಚನ ಕಟ್ಟಿದ್ದು ಮಗ್ಗದ ದುಡಿಮೆಯೊಳಗೆ. ತಿಳಿವಳಿಕೆಗೆ ಕೇರಿಯಲ್ಲಿ ಇನ್ನೆಷ್ಟು ಹೆಸರಿವೆಯೋ! ರಜೆಗೆ ಊರಿಗೆ ಹೋದಾಗ ಅಜ್ಜಿಯರನ್ನು ಕೇಳಿ, ಆ ಮಾತುಗಳನ್ನು ಬರೆದು ಕಳಿಸಿರಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.