ಎಡುವಾರ್ಡೊ ಅಂದ್ರೆ ಬರೀ ಮುರಿದ ಕಾಲಾ?

ಎಡುವಾರ್ಡೊ ಡ ಸಿಲ್ವಾ ಅಂದ ಕೂಡಲೇ ಫುಟ್ಬಾಲ್ ನೋಡುವ ಗೆಳೆಯರು ಹೇಳೋದು ಒಂದೇ ಮಾತು: "ಓ, ಆ ಕಾಲು ಮುರಿಸಿಕೊಂಡವನಾ, ಪಾಪ!"

ಈ 'ಪಾಪ' ಅನ್ನೋ ಪದದ ಬಗ್ಗೆ ನನಗೆ ತಕರಾರಿದೆ. ಕ್ರೊಯೇಷಿಯಾ ಪರ 64 ಪಂದ್ಯ ಆಡಿ 29 ಗೋಲು ಹೊಡೆದವನು ಅವನು. ರಾಷ್ಟ್ರೀಯ ತಂಡದಿಂದ ನಿವೃತ್ತನಾದಾಗ ಆ ದೇಶದ ಗೋಲುಗಾರರ ಪಟ್ಟಿಯಲ್ಲಿ ಅವನಿಗಿಂತ ಮುಂದೆ ಇದ್ದದ್ದು ದಾವೊರ್ ಶೂಕರ್ ಒಬ್ಬನೇ. ಇಷ್ಟೆಲ್ಲ ಮಾಡಿದವನನ್ನು ಒಂದು ಗಾಯದ ಫೋಟೋಗೆ ಇಳಿಸಿ ಇಟ್ಟಿದ್ದೀವಲ್ಲ, ಅದು ಯಾಕೆ ಅಂತ ಸ್ವಲ್ಪ ಯೋಚಿಸೋಣ.

ಮೊದಲಿನಿಂದ ಹೇಳ್ತೀನಿ. 1983ರಲ್ಲಿ ಬ್ರೆಜಿಲಿನ ರಿಯೊದಲ್ಲಿ ಹುಟ್ಟಿದವನು. ಹುಡುಗನಾಗಿದ್ದಾಗ ಬಾಂಗು ಕ್ಲಬ್ಬಿನಲ್ಲಿ ಆಡಿದ. ಈ ಬಾಂಗು ಬಗ್ಗೆ ನಮ್ಮವರಿಗೆ ಗೊತ್ತಿರಲೇಬೇಕು. ಅದು ಬಟ್ಟೆ ಗಿರಣಿಯ ಕಾರ್ಮಿಕರ ಬಡಾವಣೆಯ ಕ್ಲಬ್. ಫುಟ್ಬಾಲ್ ಅಂದ್ರೆ ಬಿಳಿ ಶ್ರೀಮಂತರ ಮಕ್ಕಳ ಆಟ ಆಗಿದ್ದ ಕಾಲದಲ್ಲೇ, 1905ರಲ್ಲಿ, ಕಪ್ಪು ಆಟಗಾರ ಫ್ರಾನ್ಸಿಸ್ಕೊ ಕರೆಗಾಲ್‌ನನ್ನು ಕಣಕ್ಕಿಳಿಸಿದ ಕ್ಲಬ್. 1907ರಲ್ಲಿ ರಿಯೊ ಲೀಗಿನವರು 'ಬಣ್ಣದ ಜನ'ರನ್ನು ಸೇರಿಸಿಕೊಳ್ಳಬಾರದು ಅಂದಾಗ ಬಾಂಗು ಲೀಗನ್ನೇ ಬಿಟ್ಟು ಹೊರಬಂತು. ಹುಟ್ಟು ನೋಡಿ ಬಾಗಿಲು ಹಾಕುವವರ ಮುಂದೆ ನಿಂತು ಬೇಡಲಿಲ್ಲ, ನಿಮ್ಮ ಲೀಗು ನೀವೇ ಇಟ್ಕೊಳ್ಳಿ ಅಂತು.

ಆ ಅಂಗಳದಲ್ಲಿ ಆಡಿದ ಹುಡುಗ ಇನ್ನೂ ಮೀಸೆ ಮೂಡುವ ವಯಸ್ಸಿನಲ್ಲಿ ಕಡಲು ದಾಟಿ ಜಾಗ್ರೆಬ್‌ಗೆ ಬಂದ. ಭಾಷೆ ಬೇರೆ, ಚಳಿ ಬೇರೆ, ಮುಖಗಳು ಬೇರೆ. ಡೈನಾಮೊ ಕ್ಲಬ್ಬು ಒಂದು ವರ್ಷ ಅವನನ್ನು ಜಾಪ್ರೆಶಿಚ್ ಎಂಬ ಸಣ್ಣ ಊರಿನ ತಂಡಕ್ಕೆ ಎರವಲು ಕೊಟ್ಟಿತ್ತು. 2002ರಲ್ಲಿ ಪೌರತ್ವ ಸಿಕ್ತು, 2004ರಲ್ಲಿ ರಾಷ್ಟ್ರೀಯ ತಂಡ. ಜನ ಪ್ರೀತಿಯಿಂದ 'ದುದು' ಅಂತ ಕರೆದರು. 2006–07ರ ಲೀಗಿನಲ್ಲಿ 34 ಗೋಲು ಹೊಡೆದು ದಾಖಲೆ ಮಾಡಿದ. ಆ ತಂಡದಲ್ಲಿ ಅವನ ಜೊತೆ ಆಡ್ತಿದ್ದವನು ಯಾರು ಗೊತ್ತಾ? ಲೂಕಾ ಮೊಡ್ರಿಚ್.

ಈಗ ಒಂದು ಪಂದ್ಯದ ಕಡೆ ನಿಮ್ಮನ್ನ ಕರ್ಕೊಂಡು ಹೋಗ್ತೀನಿ. 2006ರ ಆಗಸ್ಟ್ 16, ಇಟಲಿಯ ಲಿವೊರ್ನೊ. ಒಂದು ತಿಂಗಳ ಹಿಂದಷ್ಟೇ ವಿಶ್ವಕಪ್ ಗೆದ್ದಿದ್ದ ಇಟಲಿಯನ್ನ ಕ್ರೊಯೇಷಿಯಾ 2–0ಯಿಂದ ಸೋಲಿಸಿತು. ಮೊದಲ ಗೋಲು ಎಡುವಾರ್ಡೊದು, ಎರಡನೇದು ಮೊಡ್ರಿಚ್‌ದು. ಅದೇ ದಿನ, ಅದೇ ಮೈದಾನದ ಗ್ಯಾಲರಿಯಲ್ಲಿ ಕ್ರೊಯೇಷಿಯಾದ ಕೆಲವು ಅಭಿಮಾನಿಗಳು ಸಾಲಾಗಿ ನಿಂತು ತಮ್ಮ ಮೈಗಳಿಂದಲೇ ಹಿಟ್ಲರನ ಸ್ವಸ್ತಿಕ ಮಾಡಿದ್ದರು. ಕೆಳಗೆ ರಿಯೊದಿಂದ ಬಂದ ಹುಡುಗ ಅವರ ದೇಶಕ್ಕೆ ಗೋಲು ಹೊಡೀತಾನೆ, ಮೇಲೆ ಅವನಂಥವರು ಈ ಭೂಮಿ ಮೇಲೆ ಇರಬಾರದು ಅನ್ನುವ ಸಿದ್ಧಾಂತದ ಗುರುತು.

"ನೋಡಿ, ಹೊರಗಿನವನನ್ನ ಒಪ್ಪಿಕೊಂಡಿಲ್ವಾ, ಅಲ್ಲಿ ಜನಾಂಗಭೇದ ಎಲ್ಲಿದೆ?" ಅಂತ ಕೇಳೋರಿಗೆ ಲಿವೊರ್ನೊ ಉತ್ತರ. ಸಾಲದಿದ್ರೆ ಇನ್ನೊಂದು ಇದೆ. 2008ರ ಸೆಪ್ಟೆಂಬರ್‌ನಲ್ಲಿ ಜಾಗ್ರೆಬ್‌ನಲ್ಲಿ ಇಂಗ್ಲೆಂಡಿನ ಕಪ್ಪು ಆಟಗಾರ ಎಮಿಲ್ ಹೆಸ್ಕಿಯನ್ನ ಗ್ಯಾಲರಿ ಹೀಯಾಳಿಸಿತು, ಫಿಫಾ ದಂಡ ಹಾಕಿತು. ಅಂದ್ರೆ ದುದು 'ನಮ್ಮವನು', ಹೆಸ್ಕಿ ಕೋತಿ! ಒಬ್ಬನನ್ನ ಪಕ್ಕದಲ್ಲಿ ಕೂರಿಸಿಕೊಂಡು ಅದನ್ನೇ ಸರ್ಟಿಫಿಕೇಟ್ ಮಾಡಿ ಗೋಡೆಗೆ ತೂಗುಹಾಕೋ ಚಾಳಿ ನಮಗೇನು ಹೊಸದಾ? ಹಾಗಂತ ದುದುವನ್ನ ಪ್ರೀತಿಸಿದ ಸಾವಿರಾರು ಸಾಮಾನ್ಯ ಜನರ ಪ್ರೀತಿ ಸುಳ್ಳು ಅಂತ ನಾನು ಹೇಳಲ್ಲ. ಆ ಪ್ರೀತಿ ಕಾನೂನಿನಷ್ಟು ಗಟ್ಟಿ ಅಲ್ಲ, ಅದನ್ನೇ ಸಮಾನತೆ ಅನ್ಕೋಬೇಡಿ ಅಂತ ಹೇಳ್ತಿದ್ದೀನಿ.

ಇನ್ನು ಆ ಕಾಲಿನ ವಿಷಯ. 2007ರಲ್ಲಿ ಆರ್ಸೆನಲ್ ಅವನನ್ನ ಕೊಂಡುಕೊಂಡಿತು. 2008ರ ಯೂರೋ ಕಪ್‌ಗೆ ಕ್ರೊಯೇಷಿಯಾ ಅರ್ಹತೆ ಪಡೆದದ್ದೇ ಅವನ 10 ಗೋಲುಗಳ ಬಲದಿಂದ. ಆದರೆ ಫೆಬ್ರವರಿ 23ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ, ಪಂದ್ಯ ಶುರುವಾಗಿ ಮೂರು ನಿಮಿಷ ಆಗಿತ್ತಷ್ಟೇ, ಮಾರ್ಟಿನ್ ಟೇಲರ್‌ನ ಬೂಟು ಅವನ ಎಡಗಾಲನ್ನ ಮುರಿದುಹಾಕ್ತು. ಎಷ್ಟು ಭೀಕರ ಅಂದ್ರೆ ಟಿವಿಯವರು ಅದನ್ನ ಮತ್ತೆ ತೋರಿಸಲಿಲ್ಲ. ಯೂರೋ ಕಪ್ ಅವನ ಕೈತಪ್ಪಿತು.

ಕೋಪದಲ್ಲಿದ್ದ ಕೋಚ್ ವೆಂಗರ್, ಟೇಲರ್ ಇನ್ನು ಆಡಲೇಬಾರದು ಅಂದ್ರು, ಆಮೇಲೆ ಮಾತು ವಾಪಸ್ ತಗೊಂಡ್ರು. ಸರಿಯೇ. ಒಬ್ಬನ ಬದುಕನ್ನ ಒಂದೇ ಕ್ಷಣದ ಮೇಲೆ ಮುಗಿಸಿಬಿಡೋದು ನ್ಯಾಯ ಅಲ್ಲ. ಆದರೆ ಆಮೇಲೆ ಶುರುವಾಯ್ತು ನೋಡಿ ವಕಾಲತ್ತು: ಟೇಲರ್ ಒಳ್ಳೆ ಹುಡುಗ, ಅಂಥವನಲ್ಲ, ಉದ್ದೇಶ ಇರಲಿಲ್ಲ. ಮುರಿದವನ ಮನಸ್ಸಿನ ಬಗ್ಗೆ ನಡೆದಷ್ಟು ಚರ್ಚೆ, ಇಂಥ ಏಟು ಬೀಳೋಕೆ ಬಿಡೋ ಆಟದ ಪದ್ಧತಿ ಬಗ್ಗೆ ನಡೀಲಿಲ್ಲ. ಶಿಕ್ಷೆ? ಮೂರು ಪಂದ್ಯ.

ಹತ್ತಿರ ಹತ್ತಿರ ಒಂದು ವರ್ಷ ಆದಮೇಲೆ, 2009ರ ಫೆಬ್ರವರಿಯಲ್ಲಿ, ಎಡುವಾರ್ಡೊ ವಾಪಸ್ ಬಂದ. ಎಫ್‌ಎ ಕಪ್‌ನಲ್ಲಿ ಕಾರ್ಡಿಫ್ ವಿರುದ್ಧ ಎರಡು ಗೋಲು. ಅದೇ ಆಗಸ್ಟ್‌ನಲ್ಲಿ ಸೆಲ್ಟಿಕ್ ವಿರುದ್ಧ ಗೋಲ್‌ಕೀಪರ್ ಬೊರುಚ್ ಎದುರು ಬಿದ್ದ, ಪೆನಾಲ್ಟಿ ಸಿಕ್ತು. ಬ್ರಿಟನ್ನಿನ ಪತ್ರಿಕೆಗಳು 'ಮೋಸಗಾರ' ಅಂತ ಮುಗಿಬಿದ್ದವು. ಯುಯೆಫಾ ಎರಡು ಪಂದ್ಯದ ನಿಷೇಧ ಹಾಕಿತು, ಮೇಲ್ಮನವಿ ಹೋದಮೇಲೆ ರದ್ದು ಮಾಡಿತು. ಆ ಬೀಳುವಿಕೆಯನ್ನ ನಾನು ಸಮರ್ಥಿಸ್ತಿಲ್ಲ. ಮಂಡಳಿಗಳು ಬೇರೆ, ನಿಯಮ ಬೇರೆ ಅನ್ನೋದೂ ಗೊತ್ತು. ಆದರೂ ಲೆಕ್ಕ ನೋಡಿ: ಕಾಲು ಮುರಿದದ್ದಕ್ಕೆ ಮೂರು ಪಂದ್ಯ, ಬಿದ್ದದ್ದಕ್ಕೆ ಎರಡು. ಮುರಿದವನಿಗೆ ಒಳ್ಳೆಯ ಉದ್ದೇಶದ ರಿಯಾಯಿತಿ, ಬಿದ್ದವನಿಗೆ ಕೆಟ್ಟ ಉದ್ದೇಶದ ಹಣೆಪಟ್ಟಿ. ಒಂದೂವರೆ ವರ್ಷದ ಹಿಂದೆ ಚೂರಾಗಿದ್ದ ಕಾಲು, ಎದುರಿಂದ ನುಗ್ಗಿ ಬರುವ ಮೈಯನ್ನ ಕಂಡು ತಾನಾಗೇ ಹಿಂಜರಿದಿರಬಹುದು ಅಂತ ಎಷ್ಟು ಜನಕ್ಕೆ ಅನ್ನಿಸ್ತು? ಅನುಮಾನದ ಲಾಭ ಯಾರಿಗೆ ಸಿಗುತ್ತೆ, ಯಾರಿಗೆ ಸಿಗಲ್ಲ ಅನ್ನೋದು ಮೈದಾನದೊಳಗೂ ಹೊರಗೂ ಒಂದೇ ಪ್ರಶ್ನೆ.

ಇಲ್ಲಿಗೆ ಅವನ ಕತೆ ಮುಗೀತು ಅಂತ ಬಹಳ ಜನ ತಿಳಿದಿದ್ದಾರೆ. ಮುಗೀಲಿಲ್ಲ ರೀ! 2010ರಲ್ಲಿ ಉಕ್ರೇನಿನ ಶಾಕ್ತಾರ್ ದೊನೆಟ್ಸ್ಕ್ ಸೇರಿದ. ಅದೇ ಅಕ್ಟೋಬರ್‌ನಲ್ಲಿ ಆರ್ಸೆನಲ್ ಅಂಗಳಕ್ಕೇ ಬಂದು ಗೋಲು ಹೊಡೆದ, ಹೊಡೆದು ಸಂಭ್ರಮಿಸಲಿಲ್ಲ. ಎದುರಾಳಿ ಅಭಿಮಾನಿಗಳು ಚಪ್ಪಾಳೆ ತಟ್ಟಿದರು. ಸಾಲು ಸಾಲು ಲೀಗ್ ಪ್ರಶಸ್ತಿ, ಚಾಂಪಿಯನ್ಸ್ ಲೀಗಿನ ಕ್ವಾರ್ಟರ್ ಫೈನಲ್. 2012ರ ಯೂರೋ ತಂಡದಲ್ಲಿದ್ದ. 2014ರಲ್ಲಿ ವಿಶ್ವಕಪ್ ನಡೆದದ್ದು ಎಲ್ಲಿ? ಬ್ರೆಜಿಲ್‌ನಲ್ಲಿ! ಹುಟ್ಟಿದ ನೆಲಕ್ಕೆ ಇನ್ನೊಂದು ದೇಶದ ಅಂಗಿ ತೊಟ್ಟು ಬಂದ, ಕ್ಯಾಮರೂನ್ ವಿರುದ್ಧ ಬದಲಿ ಆಟಗಾರನಾಗಿ ಇಳಿದ. ದೊನೆಟ್ಸ್ಕ್‌ಗೆ ಯುದ್ಧ ಬಂದು ಶಾಕ್ತಾರ್ ತನ್ನ ಊರನ್ನೇ ಕಳ್ಕೊಂಡಿತು. ಫ್ಲಮೆಂಗೊದಲ್ಲಿ ಆಡಿ ಅವನು 2015ರಲ್ಲಿ ಮತ್ತೆ ಸೇರಿದ್ದು ಆ ಊರಿಲ್ಲದ ಕ್ಲಬ್ಬಿಗೇ. 2018ರಲ್ಲಿ ಪೋಲೆಂಡಿನ ಲೆಗಿಯಾವರೆಗೂ ಆಡಿದ. ಕಾಲು ಮುರಿದ ಮೇಲೆ ಹತ್ತು ವರ್ಷ!

"ಕೋಟಿ ಎಣಿಸೋ ಆಟಗಾರನ ಕತೆ ಕಟ್ಕೊಂಡು ನಮಗೇನಾಗ್ಬೇಕು?" ಅಂತ ಕೆಲವರು ಕೇಳಬಹುದು. ಹಣ ಅವನ ಗಾಯಕ್ಕೆ ಒಳ್ಳೆ ಡಾಕ್ಟರನ್ನ ಕೊಟ್ಟಿತು, ನಿಜ. ನಮ್ಮ ಜನಕ್ಕೆ ಅದೂ ಸಿಗಲ್ಲ, ಅದೂ ನಿಜ. ಆದರೆ ನೋಡುವ ಕಣ್ಣಿನ ವಿಷಯ ಇಬ್ಬರಿಗೂ ಒಂದೇ. ಏಟು ತಿಂದವರ ಫೋಟೋ ಹಂಚ್ತೀವಿ, ಸಿಟ್ಟಾಗ್ತೀವಿ, ಎರಡು ದಿನ ಬಿಟ್ಟು ಮರೀತೀವಿ. ಅವರು ಎದ್ದು ನಿಂತದ್ದು, ಮತ್ತೆ ಕೆಲಸಕ್ಕೆ ಹೋದದ್ದು, ಗೆದ್ದದ್ದು, ನಕ್ಕದ್ದು ಯಾರ ವಾಲ್‌ನಲ್ಲೂ ಬರಲ್ಲ. ಏಟು ಕೊಟ್ಟವರನ್ನ ಪ್ರಶ್ನಿಸೋದಕ್ಕೆ ಆ ಫೋಟೋ ಬೇಕು, ಒಪ್ತೀನಿ. ಆದರೆ ಏಟು ತಿಂದವರ ಗುರುತೇ ಅದಾಗಿಬಿಟ್ರೆ, ಏಟು ಕೊಟ್ಟವನು ಎರಡನೇ ಸಲ ಗೆದ್ದಹಾಗೆ.

ಅದಕ್ಕೇ ಕೇಳ್ತಿದ್ದೀನಿ, ಮುಂದಿನ ಸಲ ಯಾರಾದ್ರೂ ಆ ಕಾಲಿನ ಫೋಟೋ ಹಾಕಿದ್ರೆ, ಕೆಳಗೆ ಕಾಮೆಂಟ್‌ನಲ್ಲಿ ಲಿವೊರ್ನೊದ ಆ ಗೋಲಿನ ವಿಡಿಯೋ ಹಾಕಿ. ಮೇಲಿನ ಗ್ಯಾಲರಿಯಲ್ಲಿ ಏನಿತ್ತು ಅಂತಲೂ ಬರೀರಿ.